ಎರಿ ಮಣ್ಣಿನ ಮೇಲೆ ಮನೆ

ಕೇಳುಗರಿಗೆ ನಮಸ್ಕಾರ.

ಹೋದ ಶ್ರಾವಣದಲ್ಲಿ ನವಲಗುಂದದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಕಟ್ಟಿ ಮೂರೇ ವರ್ಷ ಆಗಿದ್ದ ಮನೆ. ಯಜಮಾನರು ಕರೆದುಕೊಂಡು ಹೋಗಿ ಮೊದಲು ತೋರಿಸಿದ್ದು ದೇವರ ಕೋಣೆಯ ಬಾಗಿಲು. ಭುಜ ಕೊಟ್ಟು ನೂಕಿದರೂ ಜಗ್ಗಲಿಲ್ಲ. "ಮಳಿಗಾಲದಾಗ ಹಿಂಗ ಬಿಗೀತೈತ್ರಿ ಸಾಹೇಬ್ರ. ಬ್ಯಾಸಿಗ್ಯಾಗ ತಾನ ಸಡ್ಲ ಆಗತೈತಿ. ಬಡಿಗ್ಯಾನ್ನ ಕರಿಸಿ ಎರಡ ಸಲ ಕೆತ್ತಿಸೀನ್ರಿ" ಎಂದರು. ಹಸಿ ಕಟ್ಟಿಗೆ ಹಾಕಿದ್ದಾನೆ ಅಂತ ಬಡಿಗನ ಮೇಲೆ ಸಿಟ್ಟು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುವುದು ನಿಜ. ಆದರೆ ತೂಗುಗುಂಡು ಹಿಡಿದು ನೋಡಿದರೆ ಚೌಕಟ್ಟೇ ಒಂದು ಕಡೆ ವಾಲಿತ್ತು. ಪಕ್ಕದ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಸೀಳು ಹೊರಟಿತ್ತು, ಮೇಲೆ ಹೋದಂತೆ ಅಗಲ. ಪಾಪ, ಬಡಿಗನ ತಪ್ಪು ಏನೂ ಇರಲಿಲ್ಲ.

ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಮಸಾರಿ, ಕೆಂಪು ನೆಲ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ ಅಂತ ಹೊರಟರೆ ಎರಿ, ಕಪ್ಪು ನೆಲ. ಈ ಎರಿ ಮಣ್ಣಿನ ಸ್ವಭಾವ ರೈತರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲ ಬಿರಿದರೆ ಬಿರುಕಿನೊಳಗೆ ಕೈ ಇಳಿಯುತ್ತದೆ. ನಾಲ್ಕು ಮಳೆ ಬಿದ್ದರೆ ಅದೇ ಬಿರುಕು ಮುಚ್ಚಿಹೋಗುತ್ತದೆ. ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜದ ಕೆಲಸ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲಕ್ಕೆ ಇದು ಒಳ್ಳೆಯದೇ. ಅದರ ಮೇಲೆ ಮನೆ ಕೂತಾಗ ತೊಂದರೆ.

ಮನೆಯ ನಡುವಿನ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಅಲ್ಲಿಯ ತೇವ ಹೊರಗೆ ಹೋಗುವುದಿಲ್ಲ. ಸುತ್ತಲಿನ ಅಂಚು ಮಾತ್ರ ವರ್ಷವರ್ಷ ಒಣಗುತ್ತದೆ, ನೆನೆಯುತ್ತದೆ. ನಡುಮನೆ ನಿಧಾನಕ್ಕೆ ಮೇಲೇಳುತ್ತದೆ, ಮೂಲೆಗಳು ಏರಿಳಿಯುತ್ತವೆ. ಪಡಸಾಲೆಯ ಟೈಲ್ಸ್ ನಡುವೆ ಉಬ್ಬಿ ನಿಂತದ್ದನ್ನು ನೀವೂ ನೋಡಿರಬಹುದು. ಇನ್ನೊಂದು ಮಜಾ ಏನೆಂದರೆ, ಹಗುರವಾದ ಕಟ್ಟಡಕ್ಕೇ ಪೆಟ್ಟು ಜಾಸ್ತಿ. ಮಣ್ಣು ಕೆಳಗಿನಿಂದ ಒತ್ತುವ ಬಲವನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿರುವುದಿಲ್ಲ. ಅದಕ್ಕೇ ಎರಿ ಸೀಮೆಯಲ್ಲಿ ಮೊದಲು ವಾಲುವುದು ಕಂಪೌಂಡ್ ಗೋಡೆ.

ಆ ಯಜಮಾನರು ಕೇಳಿದರು: "ಸ್ಲ್ಯಾಬಿಗೆ ಇನ್ನಷ್ಟು ಸರಳು ಹಾಕಿದ್ರ ತಡೀತಿತ್ತೇನ್ರಿ?" ಇಲ್ಲ. ಪಾಯ ಅಲ್ಲಾಡುವಾಗ ಮೇಲೆ ಎಷ್ಟು ಸರಳು ತುಂಬಿದರೂ ಪ್ರಯೋಜನ ಇಲ್ಲ. ಅವರ ಪಾಯ ಮೂರು ಫೂಟು. ಊರಲ್ಲಿ ಎಲ್ಲರೂ ಅಷ್ಟೇ ಹಾಕುತ್ತಾರೆ ಅಂತ ಗೌಂಡಿ ಹೇಳಿದ್ದನಂತೆ.

ನಿಮ್ಮ ಪ್ಲಾಟಿನ ಮಣ್ಣು ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಮಣ್ಣನ್ನು ಒಣಗಿಸಿ, ಕುಟ್ಟಿ, ಸಣ್ಣಗೆ ಸೋಸಬೇಕು. ಅಳತೆ ಗೆರೆ ಇರುವ ಎರಡು ಗಾಜಿನ ಜಾಡಿಗಳಿಗೆ ಹತ್ತತ್ತು ಗ್ರಾಂ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಚಿಮಣಿ ಎಣ್ಣೆ ಈಗ ಎಲ್ಲಿ ಸಿಗುತ್ತದೆ ಅಂತೀರಾ? ಅದೂ ಸರಿಯೇ. ಪ್ರಯೋಗಾಲಯದಲ್ಲಿ ಇರುತ್ತದೆ. ಕಲಕಿ 24 ಗಂಟೆ ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, 10ರ ಗೆರೆಯಲ್ಲಿ ಕೂತಿತು ಅನ್ನಿ. ನೀರಿನಲ್ಲಿ 20ಕ್ಕೆ ಏರಿದರೆ ಉಬ್ಬುವಿಕೆ ನೂರಕ್ಕೆ ನೂರು. ಅಂಥ ಮಣ್ಣಿನಲ್ಲಿ ಮೂರು ಫೂಟಿನ ಪಾಯ ಹಾಕಬೇಡಿ.

ಹಾಗಾದರೆ ಏನು ಮಾಡಬೇಕು? ತೇವ ಏರಿಳಿಯದಷ್ಟು ಆಳಕ್ಕೆ ಇಳಿಯಬೇಕು. ಇದಕ್ಕಾಗಿ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಅಂಡರ್‌ರೀಮ್ಡ್ ಪೈಲನ್ನು ಬೆಳಕಿಗೆ ತಂದರು. ನೆಲದಲ್ಲಿ ಸಣ್ಣ ಬಾವಿಯಂತೆ ತೂತು ಕೊರೆದು, ತಳದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿ, ಸರಳು ಇಳಿಸಿ ಕಾಂಕ್ರೀಟ್ ತುಂಬುವುದು. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೂ ಗಡ್ಡೆ ಬಿಡುವುದಿಲ್ಲ. ಆಳವಾದ ಎರಿಯಲ್ಲಿ ಪೈಲು ಕನಿಷ್ಠ 3.5 ಮೀಟರ್ ಇಳಿಯಬೇಕು ಎನ್ನುತ್ತದೆ ಭಾರತೀಯ ಮಾನಕ. ಪೈಲುಗಳ ಮೇಲಿನ ಬೀಮು ನೆಲಕ್ಕೆ ತಾಗಬಾರದು, ಕೆಳಗೆ 80 ಮಿಲಿಮೀಟರ್ ಖಾಲಿ ಜಾಗ ಬೇಕು. ಎಷ್ಟೋ ಕಡೆ ಪೈಲು ಸರಿಯಾಗಿ ಹಾಕಿ, ಈ ಸಂದಿಗೆ ಮಾತ್ರ ಗೌಂಡಿಗಳು ಅಗೆದ ಎರಿಯನ್ನೇ ತುರುಕಿ ತುಂಬುತ್ತಾರೆ. ಖರ್ಚೆಲ್ಲ ನೀರುಪಾಲು.

ನೆಲದ ತುಂಬಣಿಗೂ ಅಗೆದ ಎರಿ ಬೇಡ. ಬರೀ ಮರಳೂ ಬೇಡ, ಮರಳಿನ ಸಂದಿಯಲ್ಲಿ ನಿಂತ ನೀರು ಕೆಳಗಿನ ಎರಿಗೇ ಇಳಿಯುತ್ತದೆ. ಒಳ್ಳೆಯ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು ತಂದು, ಪದರ ಪದರ ದಮ್ಮಸು ಹಾಕಿ. ಉಬ್ಬದ, ಆದರೆ ಅಂಟು ಇರುವ ಮಣ್ಣಿನ ಪದರ ಹಾಸಿದರೆ ಎರಿ ಸುಮ್ಮನಿರುತ್ತದೆ ಅಂತ ತೋರಿಸಿಕೊಟ್ಟವರು ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ. ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲೂ ಈ ವಿಧಾನ ಬಳಕೆಯಾಗಿದೆ.

ಕಟ್ಟಿಯಾದ ಮನೆಗೆ? ಬಚ್ಚಲ ನೀರು, ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರ ಕಳಿಸಿ. ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಬೇವು, ಅರಳಿ ಗೋಡೆಗೆ ಅಂಟಿಕೊಂಡು ಬೇಡ, ಬೇರು ಬೇಸಿಗೆಯಲ್ಲಿ ತೇವ ಹೀರುತ್ತದೆ. ಸೀಳು ಕಂಡ ತಕ್ಷಣ ಸಿಮೆಂಟ್ ಮೆತ್ತಲು ಹೋಗಬೇಡಿ. ಸೀಳಿನ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ.

ಆ ಹಳ್ಳಿಯ ಯಜಮಾನರಿಗೂ ಇದನ್ನೇ ಹೇಳಿ ಬಂದೆ. ಕಳೆದ ತಿಂಗಳು ಫೋನ್ ಮಾಡಿದ್ದರು. ಬಚ್ಚಲ ನೀರನ್ನು ಪೈಪ್ ಹಾಕಿ ಹಿತ್ತಲಾಚೆ ಬಿಟ್ಟಿದ್ದಾರಂತೆ. ಗೆರೆ ದಾಟಿ ಸೀಳು ಒಂದು ಬೆರಳಷ್ಟು ಹೋಗಿ ನಿಂತಿದೆಯಂತೆ. "ದೇವರ ಕೋಣಿ ಬಾಗಲಾ ಮಾತ್ರ ಇನ್ನೂ ಬಿಗಿ ಐತ್ರಿ" ಎಂದರು. ಮುಂದಿನ ಮಳೆಗಾಲ ಮುಗಿಯುವವರೆಗೆ ಅದನ್ನು ಕೆತ್ತಿಸಬೇಡಿ ಅಂತ ಹೇಳಿದ್ದೇನೆ.

ನಮಸ್ಕಾರ.