ಕೋರಸ್ಸನ್ನು ಎಲ್ಲಿ ನಿಲ್ಲಿಸುವುದು? ಹ್ಯಾಂಡೆಲ್‌ನ ‘ಸೌಲ’ ರಂಗಕ್ಕೆ ಬಂದಾಗ

ಒರಟೋರಿಯೊ ಎಂದರೆ ಪಾಶ್ಚಾತ್ಯ ಸಂಗೀತದಲ್ಲಿ ಒಂಟಿ ಗಾಯಕರು, ಕೋರಸ್ ಎಂಬ ಗಾಯಕರ ಗುಂಪು, ವಾದ್ಯಮೇಳ ಸೇರಿ ಹಾಡುವ ದೊಡ್ಡ ಕೃತಿ. ಅದರಲ್ಲಿ ಕಥೆಯಿದೆ, ಪಾತ್ರಗಳಿವೆ, ಜಗಳ, ಕೊಲೆ ಎಲ್ಲ ಇವೆ. ವೇಷ, ಅಭಿನಯ ಇಲ್ಲ. ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲಾಟದ್ದೇ ಪ್ರಸಂಗ, ಆದರೆ ಎಲ್ಲರೂ ಕೂತೇ ಇರುತ್ತಾರೆ.

1732ರಲ್ಲಿ ಜರ್ಮನ್ ಮೂಲದ ಸಂಗೀತ ರಚನಕಾರ ಹ್ಯಾಂಡೆಲ್‌ನ ಒರಟೋರಿಯೊ ‘ಎಸ್ತರ್’ ಲಂಡನ್ನಿನ ನಾಟಕಶಾಲೆಗೆ ಬಂದಾಗ, ಅರಮನೆಯ ಚಾಪೆಲ್ಲಿನ ಹುಡುಗರು ಬೈಬಲ್ ಕಥೆಯನ್ನು ರಂಗದಲ್ಲಿ ಅಭಿನಯಿಸುವುದಕ್ಕೆ ಬಿಷಪ್ ಎಡ್ಮಂಡ್ ಗಿಬ್ಸನ್ ಒಪ್ಪಲಿಲ್ಲ. ರಂಗದ ಮೇಲೆ ಅಭಿನಯ ಇರುವುದಿಲ್ಲ ಎಂದು ಜಾಹೀರಾತಿನಲ್ಲೇ ಅಚ್ಚಾಯಿತು. ಹಾಗಾದರೆ ಇವತ್ತು ಆ ನಿಷೇಧ ತೆಗೆದುಬಿಟ್ಟರೆ ಒಪೆರಾ ಸಿಕ್ಕಿತೇ? ಇಲ್ಲ. ಅಭಿನಯ ಇರುವುದಿಲ್ಲ ಎಂದು ಗೊತ್ತಾದ ಮೇಲೆ ಹ್ಯಾಂಡೆಲ್ ಬರೆದ ರೀತಿಯೇ ಬೇರೆಯಾಯಿತು. ಕ್ರಿಯೆಯಲ್ಲಿ ಒಂದು ಪಾಲು ಮಾತಿಗೆ ಹೋಯಿತು, ದೊಡ್ಡ ಪಾಲು ಕೋರಸ್ಸಿಗೆ ಹೋಯಿತು. ನಿರ್ದೇಶಕರು ಎಡವುವುದು ಈ ಎರಡು ಕಡೆಗಳಲ್ಲೇ.

ಮೊದಲು ಮಾತು. ‘ಸೌಲ’ ಮೊದಲು ಕಾಣಿಸಿಕೊಂಡದ್ದು 1739ರ ಜನವರಿಯಲ್ಲಿ. ಸಾಹಿತ್ಯ ಚಾರ್ಲ್ಸ್ ಜೆನೆನ್ಸನದು. ಇಸ್ರಾಯೇಲಿನ ರಾಜ ಸೌಲ, ಜನ ಮೆಚ್ಚಿದ ಯುವವೀರ ದಾವೀದನ ಮೇಲೆ ಕರುಬುವ ಬೈಬಲ್ ಕಥೆ ಇದು. ದಾವೀದ ಹಾರ್ಪ್ ನುಡಿಸಿ ಸೌಲನ ಹುಚ್ಚು ಕೋಪವನ್ನು ತಣಿಸಲು ನೋಡುವ ಜಾಗ ನೆನಪಿಸಿಕೊಳ್ಳಿ. ಹಾಡು ಮುಗಿಯುತ್ತದೆ, ಹಾರ್ಪ್ ಒಂದೇ ಮತ್ತೆ ನುಡಿಯುತ್ತದೆ. ಆಮೇಲೆ ಸೌಲನ ಮಗ, ದಾವೀದನ ಗೆಳೆಯ ಯೋನಾತಾನ ಹೇಳುತ್ತಾನೆ: ಎಲ್ಲ ವ್ಯರ್ಥ, ಅವನು ನನ್ನ ಗೆಳೆಯನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ, ನೆಲ ಒದೆಯುತ್ತಿದ್ದಾನೆ. ಕಛೇರಿಯಲ್ಲಿ ಈ ಮಾತು ಕೇಳುಗನಿಗೆ ಕಣ್ಣು ಕೊಡುತ್ತದೆ. ರಂಗದಲ್ಲಿ ಸೌಲ ಆಗಲೇ ನೆಲ ಒದೆಯುತ್ತಿದ್ದರೆ ಅದು ಬರೀ ವರದಿ, ಜನ ನಕ್ಕರೂ ನಕ್ಕಾರು. ನನ್ನ ಸಲಹೆ ಏನೆಂದರೆ, ಹಾರ್ಪ್ ನುಡಿಯುವಷ್ಟು ಹೊತ್ತೂ ಸೌಲ ಅಲುಗಾಡಬಾರದು. ಯೋನಾತಾನನ ಮಾತು ಮೊದಲು ಬರಲಿ, ಚಲನೆ ಅದರ ಹಿಂದೆ ಬರಲಿ. ಆಗ ಅದು ವರ್ಣನೆಯಾಗಿ ಉಳಿಯುವುದಿಲ್ಲ, ಮಗನ ಭಯವಾಗುತ್ತದೆ. ಮುಂದಿನ ಆರಿಯಾದಲ್ಲಿ, ಅಂದರೆ ಒಬ್ಬನೇ ಹಾಡುವ ಹಾಡಿನಲ್ಲಿ, ಸೌಲ ಈಟಿ ಎಸೆಯುತ್ತಾನೆ. ಹ್ಯಾಂಡೆಲ್‌ನ ಕಾಲದ, ಬರೋಕ್ ಶೈಲಿಯ ಆರಿಯಾದ ವಾಡಿಕೆಯಂತೆ ಮೊದಲ ಭಾಗ ತಿರುಗಿ ಬರಬೇಕಿತ್ತು, ಬರುವುದಿಲ್ಲ. ಹ್ಯಾಂಡೆಲ್ ಹಾಡನ್ನೇ ಕತ್ತರಿಸಿದ್ದಾನೆ. ಅಲ್ಲಿ ನಿರ್ದೇಶಕ ಸೇರಿಸಬೇಕಾದದ್ದು ಏನೂ ಇಲ್ಲ.

ಇನ್ನು ಕೋರಸ್. ಪ್ರತಿ ಕೋರಸ್ಸಿನ ಮುಂದೆ ಸ್ಕೋರಿನ (ಸ್ವರಲಿಪಿಯ ಪುಸ್ತಕದ) ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಉತ್ತರ ಬರೆದುಕೊಳ್ಳಬೇಕು: ಈಗ ಇವರು ಯಾರು? ಮೊದಲ ಅಂಕದಲ್ಲಿ ಗಂಟೆಗಳ ಕ್ಯಾರಿಲಾನ್ ಕುಣಿಯುತ್ತಿರುವಾಗ ಹೆಂಗಸರು ಬರುತ್ತಾರೆ: ಸೌಲ ಸಾವಿರಾರು ಜನರನ್ನು ಕೊಂದ, ದಾವೀದ ಹತ್ತು ಸಾವಿರ. ಸೌಲ ನಡುವೆ ಬಾಯಿ ಹಾಕುತ್ತಾನೆ, ‘ಏನಿದು ಕೇಳುತ್ತಿರುವುದು?’ ಅದಕ್ಕೆ ಉತ್ತರವಾಗಿ ಅದೇ ಮಾತು ಇನ್ನೂ ಜೋರಾಗಿ ತಿರುಗಿ ಬರುತ್ತದೆ. ಇಲ್ಲಿ ಅವರು ಊರ ಜನ, ಅನುಮಾನವಿಲ್ಲ. ರಾಜನನ್ನು ಕೆಣಕಬೇಕೆಂದು ಹಾಡುತ್ತಿಲ್ಲ, ಸಂಭ್ರಮಕ್ಕೆ ಹಾಡುತ್ತಿದ್ದಾರೆ. ಅವರು ಬೇಕೆಂದೇ ಸೌಲನತ್ತ ತಿರುಗಿ ಹಾಡಿದರೆ ದೃಶ್ಯ ಕೆಟ್ಟಿತು. ಅವರಿಗೆ ಅವನು ಕಾಣಲೇಬಾರದು.

ಎರಡನೆಯ ಅಂಕ ತೆರೆಯುವುದೇ ‘ಅಸೂಯೆಯೇ, ನರಕದ ಚೊಚ್ಚಲ ಕೂಸೇ’ ಎಂಬ ಕೋರಸ್ಸಿನಿಂದ. ಇದನ್ನು ಹಾಡುವ ಜನ ಯಾರು? ಇಸ್ರಾಯೇಲಿನ ಪ್ರಜೆಗಳಂತೂ ಅಲ್ಲ. ಅರಮನೆಯ ಒಳಗಿನ ಗುಟ್ಟು ಅವರಿಗೆ ಗೊತ್ತಿರಲಾರದು. ಕೆಲವರು ಇಲ್ಲಿ ಮುಖವಾಡ ಹಾಕಿಸುತ್ತಾರೆ, ಕೆಲವರು ದೀಪ ಆರಿಸುತ್ತಾರೆ. ಬೇರೆ ದಾರಿಗಳೂ ಇವೆ. 1996ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದಲ್ಲಿ ಹ್ಯಾಂಡೆಲ್‌ನ ಇನ್ನೊಂದು ಒರಟೋರಿಯೊ ‘ಥಿಯೊಡೋರಾ’ ಮಾಡಿದ ನಿರ್ದೇಶಕ ಪೀಟರ್ ಸೆಲ್ಲರ್ಸ್ ಇಡೀ ಕೋರಸ್ಸಿಗೆ ಕೈಸನ್ನೆಗಳ ಒಂದು ಭಾಷೆಯನ್ನೇ ಕಲಿಸಿದರು. ಅದರಿಂದ ಅವರು ಗುಂಪಾಗಿದ್ದೂ ಒಂದೇ ಪಾತ್ರದಂತೆ ಕಂಡರು. ಹಸ್ತಮುದ್ರೆ ನೋಡಿ ಬೆಳೆದ ನಮಗೆ ಅದು ವಿಚಿತ್ರವೆನಿಸುವುದಿಲ್ಲ.

ಈಗ ಕೆಲಸದ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವಾದ್ಯಗಾರರು ಕೂರುವ ತಗ್ಗಾದ ಪಿಟ್‌ನಿಂದ 12 ಮೀಟರ್ ಹಿಂದೆ ನಿಂತ ಬಾಸ್ ಗಾಯಕನಿಗೆ ವಾದ್ಯ 35 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅವನು ಕಿವಿ ನಂಬಿ ಹಾಡಿದರೆ ಅವನ ಸ್ವರ ಮುಂದಕ್ಕೆ ತಲುಪಲು ಅಷ್ಟೇ ಹೊತ್ತು ಬೇಕು, ಒಟ್ಟು 70. ನಿಮಿಷಕ್ಕೆ 120 ಎಣಿಕೆಯ ಲಯದಲ್ಲಿ ಒಂದು ಎಣಿಕೆಯ ಕಾಲುಭಾಗಕ್ಕೆ ಸಿಗುವುದು 125 ಮಿಲಿಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು, ಒಂದೇ ಧಾಟಿಯನ್ನು ಧ್ವನಿಗಳು ಒಂದರ ಹಿಂದೊಂದು ಹಿಡಿಯುವ ಫ್ಯೂಗ್ ರಾಡಿಯಾಗುತ್ತದೆ. ಅದಕ್ಕೇ ಎರಡೂ ಪಕ್ಕಗಳಲ್ಲಿ ಕಂಡಕ್ಟರನ್ನು ತೋರಿಸುವ ಮಾನಿಟರ್ ಬೇಕು, ಕಿವಿಗಿಂತ ಕಣ್ಣನ್ನು ನಂಬುವ ಅಭ್ಯಾಸ ಬೇಕು. ಓಟದ ಸ್ವರಗಳಿರುವಾಗ ಯಾರೂ ನಡೆಯಬಾರದು. ಜಾಗ ಬದಲಿಸುವುದು ಆ ಧ್ವನಿಗೆ ವಿರಾಮವಿದ್ದಾಗ ಮಾತ್ರ.

ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ, ಮೇಲಿನಿಂದ ಕೆಳಗಿನವರೆಗಿನ ನಾಲ್ಕು ದನಿಗಳವರನ್ನು ಕಲಸಿ ನಿಲ್ಲಿಸಿದರೆ ಗುಂಪು ನಿಜವಾದ ಜನರಂತೆ ಕಾಣುತ್ತದೆ. ಆದರೆ ಪಕ್ಕದವನನ್ನು ಹಿಡಿದುಕೊಂಡು ಹಾಡುವ ಆಸರೆ ಯಾರಿಗೂ ಉಳಿಯುವುದಿಲ್ಲ. ಹಾಗಾಗಿ ಚಲನೆಯ ತಾಲೀಮು ಶುರುವಾಗುವ ಮೊದಲೇ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪುಸ್ತಕವಿಲ್ಲದೆ ಹಾಡಿಸಿ ನೋಡಬೇಕು. ಅಲ್ಲಿ ತಪ್ಪಿದವರು ರಂಗದಲ್ಲಿ ಖಂಡಿತ ತಪ್ಪುತ್ತಾರೆ. ಮಣ್ಣು, ಬೂದಿ ಚೆಲ್ಲಿದ ನೆಲ ನೋಡಲು ಚೆನ್ನ, ಗಂಟಲಿಗೆ ಶತ್ರು. ಪೊಳ್ಳು ವೇದಿಕೆಯಲ್ಲಿ ಚಪ್ಪಲಿಗೆ ಫೆಲ್ಟ್ ಹಚ್ಚದಿದ್ದರೆ ಮೆಲುದನಿಯ ಕಡೆ ಬರೀ ಹೆಜ್ಜೆ ಸದ್ದೇ ಕೇಳುತ್ತದೆ.

ಕೊನೆಗೆ ಕತ್ತರಿ. ಉದ್ದ ತಗ್ಗಿಸಲು ಎಲ್ಲರ ಕಣ್ಣೂ ಮೊದಲು ಮಹಾಯಾಜಕನೆಂಬ ಪಾತ್ರದ ಮೇಲೆ ಬೀಳುತ್ತದೆ. ಅವನಿಲ್ಲದೆಯೂ ಕಥೆ ನಡೆಯುತ್ತದೆ, ನಿಜ. ಆದರೆ ಶವಯಾತ್ರೆಯ ಮಾರ್ಚ್ ಮುಗಿದು, ಸೌಲ ಮತ್ತು ಯೋನಾತಾನರಿಗಾಗಿ ಶೋಕಗೀತೆ ಮುಗಿದ ಮೇಲೆ ‘ಯೆಹೂದದ ಜನರೇ, ಇನ್ನು ಅಳಬೇಡಿ’ ಎಂದು ಯಾರಾದರೂ ಹೇಳಲೇಬೇಕು. ಆ ಹಾಡು ಸಾಮಾನ್ಯವಾಗಿ ಅವನದೇ. ಅದು ಹೋದರೆ ಅಳುತ್ತಿದ್ದ ಜನ ಕಾರಣವೇ ಇಲ್ಲದೆ ದಾವೀದನಿಗೆ ಜಯಕಾರ ಹಾಕಿದಂತಾಗುತ್ತದೆ. 2015ರಲ್ಲಿ ಗ್ಲೈಂಡ್‌ಬೋರ್ನ್‌ನಲ್ಲಿ ‘ಸೌಲ’ ನಿರ್ದೇಶಿಸಿದ ಬ್ಯಾರಿ ಕಾಸ್ಕಿ ಮಹಾಯಾಜಕ, ಅಬ್ನೇರ, ದೋಯೇಗ, ಅಮಾಲೇಕ್ಯ ನಾಲ್ಕೂ ಪಾತ್ರಗಳನ್ನು ಒಬ್ಬನೇ ಟೆನರ್‌ಗೆ ಕೊಟ್ಟರು. ಸಂಬಳ ಉಳಿಸುವ ಉಪಾಯವಷ್ಟೇ ಅಲ್ಲ ಅದು. ರಾಜ ಯಾರೇ ಇರಲಿ, ಪಕ್ಕದಲ್ಲಿ ಅದೇ ಮುಖ ಇರುತ್ತದೆ, ಜನರಿಗೆ ಯಾವಾಗ ಅಳಬೇಕು, ಯಾವಾಗ ಕೂಗಬೇಕು ಎಂದು ಅದೇ ಬಾಯಿ ಹೇಳುತ್ತದೆ.