ಬರಿಗಾಲಿನ ಏರೋಸ್

ಶ್ರೋತೃಗಳಿಗೆ ನಮಸ್ಕಾರ. ‘ಪ್ಲೇಟಾನಿಕ್ ಲವ್’ ಎಂದರೆ ಆಸೆಯೇ ಇಲ್ಲದ ಸಪ್ಪೆ ಸ್ನೇಹವೆಂದು ಹೇಳಿ ಮುಗಿಸುವವರನ್ನು ಕಂಡರೆ ನನಗೆ, ಕ್ಷಮಿಸಿ, ಸ್ವಲ್ಪ ರೇಗುತ್ತದೆ. ಗ್ರೀಕ್ ತತ್ವಜ್ಞಾನಿ ಪ್ಲೇಟೋ ವರ್ಣಿಸಿದ ಪ್ರೇಮಕ್ಕೆ ಹಸಿವಿದೆ. ತನ್ನಲ್ಲಿ ಇಲ್ಲದ್ದನ್ನು ಬಯಸುವುದೇ ಪ್ರೇಮ. ಈ ಒಂದು ಮಾತು ನಿಮ್ಮ ಕಿವಿಯಲ್ಲಿ ಉಳಿದರೆ ನನಗೆ ಸಾಕು.

ಕ್ರಿ.ಪೂ. 416ರಲ್ಲಿ ಅಗಾಥಾನ್ ಎಂಬ ತರುಣ ಕವಿಯು ದುರಂತ ನಾಟಕದ ಸ್ಪರ್ಧೆಯಲ್ಲಿ ಗೆದ್ದು, ಅಥೆನ್ಸಿನ ತನ್ನ ಮನೆಯಲ್ಲಿ ಗೆಳೆಯರಿಗೆ ಔತಣವಿಟ್ಟ. ಪ್ಲೇಟೋವಿನ ‘ಸಿಂಪೋಸಿಯಂ’ ಎಂಬ ಸಂವಾದಗ್ರಂಥ ನಡೆಯುವುದು ಅಲ್ಲಿಯೇ. ಸಾಮಾನ್ಯವಾಗಿ ಬರಿಗಾಲಿನಲ್ಲಿ ತಿರುಗುವ ಪ್ಲೇಟೋವಿನ ಗುರು ಸಾಕ್ರಟೀಸ್ ಅಂದು ಮಿಂದು, ಚಪ್ಪಲಿ ಮೆಟ್ಟಿ ಹೊರಟಿದ್ದ. ಇದೇನೆಂದು ಕೇಳಿದ್ದಕ್ಕೆ, ಚೆಲುವನ ಮನೆಗೆ ಚೆಲುವಾಗಿಯೇ ಹೋಗಬೇಕಲ್ಲವೇ ಎಂದ. ಹಾಗೆ ಹೊರಟವನು ದಾರಿಯಲ್ಲಿ ಏನೋ ಯೋಚನೆ ಹತ್ತಿ ಪಕ್ಕದ ಮನೆಯ ಮುಖಮಂಟಪದಲ್ಲಿ ನಿಂತೇಬಿಟ್ಟ. ಆಳು ಹೋಗಿ ಕರೆದರೂ ಅಲುಗಲಿಲ್ಲ. ಒಳಗೆ ಬಂದದ್ದು ಊಟ ಅರ್ಧ ಮುಗಿದ ಮೇಲೆ.

ಅಂದಿನ ಅತಿಥಿಗಳು ಸರದಿಯಂತೆ ಪ್ರೇಮದೇವತೆ ಏರೋಸನನ್ನು ಹೊಗಳಿದರು. ಅವನಷ್ಟು ಸುಂದರನಾದ ದೇವರಿಲ್ಲ ಎಂದು ಅಗಾಥಾನ್ ಸೊಗಸಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ. ಆಗ ಸಾಕ್ರಟೀಸ್ ಕೇಳಿದ್ದು ಮಗುವೂ ಕೇಳಬಹುದಾದ ಪ್ರಶ್ನೆ: ಕೈಯಲ್ಲಿರುವುದನ್ನು ಯಾರಾದರೂ ಬಯಸುತ್ತಾರೆಯೇ? ಇಲ್ಲವೆಂದಾದರೆ, ಸೌಂದರ್ಯವನ್ನು ಬಯಸುವ ಏರೋಸನಲ್ಲಿ ಸೌಂದರ್ಯವಿಲ್ಲ. ತಾನು ಆಡಿದ್ದು ತನಗೇ ತಿಳಿದಿರಲಿಲ್ಲವೆಂದು ಅಗಾಥಾನ್ ಒಪ್ಪಿಕೊಂಡ.

ಇನ್ನು ನನಗೆ ಬಲು ಪ್ರಿಯವಾದ ಕಥೆ. ಇದನ್ನು ತನಗೆ ಹೇಳಿದವಳು ಮ್ಯಾಂಟಿನಿಯದ ಡಯೊಟಿಮ ಎಂಬ ವಿದುಷಿ ಎನ್ನುತ್ತಾನೆ ಸಾಕ್ರಟೀಸ್. ಸೌಂದರ್ಯದೇವತೆ ಅಫ್ರೊಡೈಟಿ ಹುಟ್ಟಿದ ದಿನ ದೇವತೆಗಳು ಹಬ್ಬದೂಟದಲ್ಲಿದ್ದಾಗ, ಪೆನಿಯ, ಎಂದರೆ ಬಡತನ, ಭಿಕ್ಷೆ ಬೇಡುತ್ತ ಬಾಗಿಲಿಗೆ ಬಂದಳು. ಪೋರೋಸ್, ಎಂದರೆ ಉಪಾಯ, ಅಮೃತ ಕುಡಿದು ಮತ್ತೇರಿ ದೇವರಾಜ ಜ್ಯೂಸನ ತೋಟದಲ್ಲಿ ಮಲಗಿದ್ದ. ಇವನಿಂದ ಮಗುವನ್ನಾದರೂ ಪಡೆಯುತ್ತೇನೆಂದು ಅವಳು ಅವನ ಪಕ್ಕದಲ್ಲಿ ಒರಗಿದಳು, ಹುಟ್ಟಿದವನು ಏರೋಸ್. ನಮ್ಮ ಮನ್ಮಥನ ಕಬ್ಬಿನ ಬಿಲ್ಲನ್ನು ಸ್ವಲ್ಪ ಹೊತ್ತು ಮರೆಯಿರಿ. ಈ ಹುಡುಗನಿಗೆ ಚಪ್ಪಲಿಯಿಲ್ಲ, ಮನೆಯಿಲ್ಲ, ಅನ್ಯರ ಹೊಸ್ತಿಲ ಬಳಿ ಬರಿ ನೆಲದ ಮೇಲೆ ಮಲಗುತ್ತಾನೆ. ತಾಯಿಯಿಂದ ಬಂದ ಕೊರತೆ ಎಂದೂ ನೀಗದು, ತಂದೆಯಿಂದ ಬಂದ ಹಂಚಿಕೆ ಬುದ್ಧಿ ಎಂದೂ ಸುಮ್ಮನಿರಿಸದು. ದೇವತೆಗಳು ಜ್ಞಾನವನ್ನು ಅರಸುವುದಿಲ್ಲ, ಅವರಲ್ಲಿ ಅದು ಇದೆ. ಮೂಢನೂ ಅರಸುವುದಿಲ್ಲ, ತನಗೆ ಏನೂ ಕಡಿಮೆಯಿಲ್ಲವೆಂದು ಅವನ ನಂಬಿಕೆ. ನಡುವೆ ನಿಂತ ಏರೋಸನೇ ಜ್ಞಾನಪ್ರಿಯ. ಬರಿಗಾಲು, ಹೊಸ್ತಿಲು, ತೀರದ ಹುಡುಕಾಟ: ಡಯೊಟಿಮ ಯಾರ ಚಿತ್ರ ಬರೆಯುತ್ತಿದ್ದಾಳೆಂದು ನಿಮಗೆ ಹೊಳೆದಿರಬೇಕು.

ಕಥೆಯೇ ಸಮಯವನ್ನೆಲ್ಲ ತಿಂದಿತು. ಡಯೊಟಿಮ ವರ್ಣಿಸುವ, ಪ್ರಸಿದ್ಧವಾದ ಪ್ರೇಮದ ಏಣಿಯನ್ನು ಓಡುತ್ತಲೇ ಹತ್ತಬೇಕಾಗಿದೆ. ಒಂದು ದೇಹದ ಚೆಲುವಿನಿಂದ ಎಲ್ಲ ದೇಹಗಳ ಚೆಲುವಿಗೆ, ಅಲ್ಲಿಂದ ಆತ್ಮದ, ನಡೆನುಡಿ ಮತ್ತು ಕಾನೂನುಗಳ, ವಿದ್ಯೆಗಳ ಚೆಲುವಿಗೆ, ಕೊನೆಗೆ ಹುಟ್ಟು ಸಾವಿಲ್ಲದ ಸೌಂದರ್ಯದ ದರ್ಶನಕ್ಕೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ನೂಕುವುದು ಇನ್ನೂ ಸಿಗಲಿಲ್ಲವೆಂಬ ಆ ಹಸಿವೇ.

ಆಮೇಲೆ ಅಥೆನ್ಸಿನ ರಾಜಕಾರಣಿ ಆಲ್ಸಿಬಿಯಾಡೀಸ್ ಕುಡಿದು ನುಗ್ಗಿ, ಕೊನೆಗೆ ಸಭೆ ಕೆಟ್ಟು, ಕೆಲವರು ಮನೆಗೆ ಹೋದರು, ಉಳಿದವರು ಒಬ್ಬೊಬ್ಬರಾಗಿ ನಿದ್ದೆಹೋದರು. ಬೆಳಗಾಗುವ ಹೊತ್ತಿಗೆ ಅಗಾಥಾನನ ಕಣ್ಣೂ ಮುಚ್ಚಿತು. ಸಾಕ್ರಟೀಸ್ ಎದ್ದು ಲೈಸಿಯಮ್ ಎಂಬ ವ್ಯಾಯಾಮಶಾಲೆಗೆ ಹೋಗಿ ಮೈ ತೊಳೆದುಕೊಂಡ. ಹಗಲೆಲ್ಲ ಎಂದಿನಂತೆ ಕಳೆದು, ಸಂಜೆ ಮನೆಗೆ ಹೋಗಿ ಮಲಗಿದ.