ಅಮ್ಮನ ಮೂಗುತಿ ಎಲ್ಲಿ ಹೋಯಿತು? | ಹಳೇ ಫೋಟೋಗಳ ಸ್ಲೈಡ್‌ಶೋ, ಡೊಂಬಿವಲಿ ವ್ಲಾಗ್

ನಮಸ್ಕಾರ. ಮುಂಬಯಿ ಪಕ್ಕದ ಡೊಂಬಿವಲಿ, ಬೆಳಿಗ್ಗೆ 6.30. ಹೊರಗೆ ಜುಲೈ ಮಳೆ ಹಿಡಿದುಕೊಂಡಿದೆ, ಅದರ ಸದ್ದು ಮೈಕಿಗೂ ಬರುತ್ತಿದೆ. ಮೇಜಿನ ಮೇಲೆ ಇರುವುದು ಐದು ಆಲ್ಬಂ, ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತುಂಬ ಫೋಟೋ. ನಮ್ಮ ಅಪ್ಪ-ಅಮ್ಮನ ಮದುವೆ 1975ರಲ್ಲಿ ಆದದ್ದು. ಈಗ ಐವತ್ತು ತುಂಬುತ್ತದೆ. ಮುಂದಿನ ತಿಂಗಳು ಮಾಟುಂಗದ ಒಂದು ಹಾಲ್‌ನಲ್ಲಿ ನೆಂಟರನ್ನೆಲ್ಲ ಕರೆದು ಊಟ. ಊಟಕ್ಕೆ ಮುಂಚೆ ಸ್ಲೈಡ್‌ಶೋ. ಅದನ್ನು ಮಾಡುವ ಕೆಲಸ ನನ್ನದು.

ಈಗ ಆಲ್ಬಂ ಹಾಳೆಯಿಂದ ಫೋಟೋ ಬಿಡಿಸುತ್ತಿದ್ದೇನೆ. ಕೈಯಲ್ಲಿರುವ ದಾರ ಹಲ್ಲಿನ ಸಂದಿಗೆ ಬಳಸುವ ಡೆಂಟಲ್ ಫ್ಲಾಸ್. 80ರ ದಶಕದಲ್ಲಿ ಎಲ್ಲರ ಮನೆಯಲ್ಲೂ ಅಂಟಿನ ಹಾಳೆಯ ಆಲ್ಬಂ ಇತ್ತಲ್ಲ, ಈಗ ಆ ಅಂಟು ಹಳದಿಯಾಗಿ ಗಟ್ಟಿಯಾಗಿದೆ. ಉಗುರು ಹಾಕಿ ಎಬ್ಬಿಸಿದರೆ ಫೋಟೋ ಮುರಿದುಕೊಳ್ಳುತ್ತದೆ. ದಾರವನ್ನು ಹಿಂದಿನಿಂದ ಗರಗಸದ ಹಾಗೆ ಎಳೆದರೆ ನಿಧಾನಕ್ಕೆ ಬಿಡುತ್ತದೆ. ಫ್ರೇಮಿನ ಗಾಜಿಗೆ ಅಂಟಿಕೊಂಡದ್ದನ್ನು ಮಾತ್ರ ಕೀಳಬೇಡಿ. ಚಿತ್ರ ಇರುವ ಪದರವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಅಂಗಡಿ ವಿಷಯ ಹೇಳಲೇಬೇಕು. ಎರಡು ವಾರದಿಂದ ಹೊಟ್ಟೆ ಉರಿಯುತ್ತಿದೆ.

ನಾನು ಆರಿಸಿದ 84 ಫೋಟೋಗಳನ್ನು ಮೊದಲು ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಸ್ಕ್ಯಾನ್ ಮಾಡಲು ಕೊಟ್ಟೆ. ಒಂದಕ್ಕೆ ₹25, ಒಟ್ಟು ₹2100. ಕೆಲಸ ಚೆನ್ನಾಗಿ ಆಗಲಿ ಎಂದು ಚೌಕಾಸಿ ಕೂಡ ಮಾಡಲಿಲ್ಲ. ಪೆನ್‌ಡ್ರೈವ್ ತರಲಾ ಎಂದು ಕೇಳಿದೆ, ಬೇಡ ಎಂದರು. ನಾಲ್ಕು ದಿನ ಬಿಟ್ಟು ರಾತ್ರಿ 11 ಗಂಟೆಗೆ ಎಲ್ಲವೂ ವಾಟ್ಸ್‌ಆ್ಯಪ್‌ಗೆ ಒಂದರ ಹಿಂದೆ ಒಂದು ಬಂದು ಬಿದ್ದವು. ತೆರೆದು ನೋಡಿದರೆ ಒಂದೊಂದು 150 ಕೆಬಿ, 200 ಕೆಬಿ. ಫೋಟೋವನ್ನು ಹಾಗೇ ಕಳಿಸಿದರೆ ವಾಟ್ಸ್‌ಆ್ಯಪ್ ಕುಗ್ಗಿಸಿ ಕಳಿಸುತ್ತದೆ, ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 2023ರಿಂದ ಎಚ್‌ಡಿ ಗುಂಡಿ ಇದೆ, ಅದರಲ್ಲೂ ಮೂಲ ಫೈಲ್ ಬರುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಅಂಗಡಿ ಇಟ್ಟುಕೊಂಡವರಿಗೆ ಇಷ್ಟೂ ಗೊತ್ತಿರಬೇಡವೇ?

ಅದನ್ನಾದರೂ ಸಹಿಸುತ್ತಿದ್ದೆ. ಅವರು ಎಲ್ಲ ಫೋಟೋಗಳನ್ನೂ ಯಾವುದೋ ಎಐ ಆ್ಯಪ್‌ಗೆ ಹಾಕಿ ಚಂದ ಮಾಡಿದ್ದರು. ಇಲ್ಲಿ ನೋಡಿ. ಎಡಗಡೆ ಮೂಲ, ಬಲಗಡೆ ಅವರು ಕೊಟ್ಟದ್ದು. ಮದುವೆಯ ಮರುದಿನ ತೆಗೆದ ಫೋಟೋ, ಅಮ್ಮನಿಗೆ ಆಗ 21. ಮೂಲದಲ್ಲಿ ಮೂಗಿನ ಮೇಲೆ ಒಂದು ಬಿಳಿ ಚುಕ್ಕೆ ಹೊಳೆಯುತ್ತಿದೆ ಅಲ್ವಾ? ಅದು ಅಜ್ಜಿ ಕೊಟ್ಟ ಏಳು ಕಲ್ಲಿನ ಮೂಗುತಿ. ಬಲಗಡೆಯದರಲ್ಲಿ ಆ ಚುಕ್ಕೆ ಇಲ್ಲ. ಧೂಳು ಎಂದುಕೊಂಡು ಅಳಿಸಿಬಿಟ್ಟಿದೆ. ಕೆನ್ನೆ ಮೇಣ ಹಚ್ಚಿದ ಹಾಗಿದೆ. ಹುಬ್ಬಿನ ಮೇಲಿನ ಸಣ್ಣ ಗಾಯದ ಕಲೆ, ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಬಿದ್ದು ಆದದ್ದು, ಅದೂ ಇಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ಹಿಡಿದು ನೋಡಿದರು. "ಇದು ಯಾರು ಮಾರಾಯ್ತಿ? ನಾನಲ್ಲ" ಎಂದರು.

ಮರುದಿನ ಅಂಗಡಿಗೆ ಹೋದೆ. "ಮೇಡಂ, ಏಕ್‌ದಮ್ ಎಚ್‌ಡಿ ಕರ್ ದಿಯಾ" ಎಂದರು. ಮೂಲ ಸ್ಕ್ಯಾನ್ ಕೊಡಿ ಎಂದೆ. ಅಳಿಸಿ ಆಯಿತಂತೆ. 300 ಡಿಪಿಐನಲ್ಲೇ ಮಾಡಿದ್ದು, ಅದೇ ಸ್ಟ್ಯಾಂಡರ್ಡ್ ಎಂದು ಬೇರೆ ಹೇಳಿದರು. ಎಡವಟ್ಟು ಶುರುವಾದದ್ದೇ ಅಲ್ಲಿ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ. 4×6 ಇಂಚಿನ ಫೋಟೋಗೆ 300 ಹಾಕಿದರೆ 1200×1800 ಪಿಕ್ಸೆಲ್, ಪರವಾಗಿಲ್ಲ. ಆದರೆ ನಮ್ಮ ಮನೆಯ 70ರ ದಶಕದ ಕಪ್ಪು-ಬಿಳುಪು ಫೋಟೋಗಳು ಅಂಗೈಗಿಂತ ಚಿಕ್ಕವು. ಇದು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. 300ರಲ್ಲಿ ಸಿಗುವುದು ಬರೀ 750×1050. ಅದನ್ನೇ 1200ರಲ್ಲಿ ಮಾಡಿದರೆ 3000×4200. ಫೋಟೋ ಸಣ್ಣದಾದಷ್ಟೂ ಡಿಪಿಐ ಜಾಸ್ತಿ ಬೇಕು. ವಾದ ಮಾಡಿ ಮಾಡಿ ₹500 ವಾಪಸ್ ಸಿಕ್ಕಿತು. ದುಡ್ಡಿಗಿಂತ, ನಮ್ಮನ್ನು ಕೇಳದೆ ಅಮ್ಮನ ಮುಖ ಬದಲಾಯಿಸಿದ್ದಕ್ಕೆ ನನಗೆ ಸಿಟ್ಟು.

ಹಾಗಾಗಿ ಈಗ ಎಲ್ಲವೂ ಮನೆಯಲ್ಲೇ. ಇದು ಗೆಳತಿಯಿಂದ ತಂದ ಸ್ಕ್ಯಾನರ್. ಗಾಜು ಒರೆಸಿ, ಫೋಟೋ ಇಟ್ಟು, ಮುಚ್ಚಳ ಹಾಕುವುದು, ನಿಮಗೇ ಕಾಣುತ್ತಿದೆ. ಸ್ಕ್ಯಾನ್ ಆದದ್ದನ್ನು ಟಿಫ್ ಎಂಬ, ಗುಣಮಟ್ಟ ಕಳೆಯದ ಫೈಲ್ ಆಗಿ ಉಳಿಸುತ್ತಿದ್ದೇನೆ. ಜೆಪೆಗ್ ಫೈಲನ್ನು ತಿದ್ದಿ ತಿದ್ದಿ ಸೇವ್ ಮಾಡಿದಂತೆ ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ. ಬಣ್ಣದ ಫೋಟೋಗಳು ಕೆಂಪಗಾಗಿವೆ, ಅದರಲ್ಲಿನ ನೀಲಿ-ಹಸಿರು ಬಣ್ಣ ಮೊದಲು ಮಾಸುತ್ತದೆ. ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಜಿಂಪ್‌ನಲ್ಲಿ ವೈಟ್ ಬ್ಯಾಲೆನ್ಸ್ ಒಂದು ಸಲ ಒತ್ತಿದರೆ ಅರ್ಧ ಸರಿಹೋಗುತ್ತದೆ. ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ.

ಇದು ನಿನ್ನೆಯ ಶಾಟ್, ಮಾಟುಂಗ ಸ್ಟೇಷನ್. ಹಾಲ್‌ನ ಪ್ರೊಜೆಕ್ಟರ್ ನೋಡಲು ಹೋಗಿದ್ದೆ. ಮಾಟುಂಗಕ್ಕೆ ಹೋಗಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡದೆ ಬರುವುದು ಹೇಗೆ? 1942ರಿಂದ ಇದೆ. ಅಪ್ಪ ಮೊದಲ ಸಂಬಳದಲ್ಲಿ ಅಲ್ಲಿ ಊಟ ಮಾಡಿದ್ದರಂತೆ, ಆ ಕಥೆಯನ್ನು ನೂರು ಸಲ ಕೇಳಿದ್ದೇನೆ, ಇನ್ನೂ ನೂರು ಸಲ ಕೇಳುತ್ತೇನೆ. ಸಾರು... ಇರಲಿ, ಶಾಟ್ ಮುಗಿಯಿತು. ಪ್ರೊಜೆಕ್ಟರ್.

1280×800 ಪಿಕ್ಸೆಲ್. ಅಷ್ಟೇ. ನಾನು 4ಕೆ, ಅಂದರೆ 3840×2160ರಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದೆ. ಈಗ ಆ ಹಟ ಬಿಟ್ಟೆ. ಫುಲ್ ಎಚ್‌ಡಿ, ಅಂದರೆ 1920×1080, ಧಾರಾಳವಾಯಿತು. ಅದು ಬರೀ 2 ಮೆಗಾಪಿಕ್ಸೆಲ್. ಹಾಗಾದರೆ ಅಂಗಡಿಯವರು ಕೊಟ್ಟ ಸೈಜೇ ಸಾಕಿತ್ತಲ್ಲ ಎಂದು ರೈಲಿನಲ್ಲಿ ಬರುವಾಗ ನನಗೂ ಅನಿಸಿತು. ಫೋಟೋ ಪೂರ್ತಿ ತೋರಿಸಿ ಮುಂದೆ ಹೋಗುವುದಾದರೆ ಹೌದು, ಸಾಕಿತ್ತು. ಆದರೆ ನನಗೆ ಮುಖದ ಹತ್ತಿರ ನಿಧಾನಕ್ಕೆ ಹೋಗಬೇಕು. ಅಮೆರಿಕದ ಡಾಕ್ಯುಮೆಂಟರಿ ನಿರ್ದೇಶಕ ಕೆನ್ ಬರ್ನ್ಸ್ ಅವರ ಹೆಸರಿನಲ್ಲೇ ಈ ತಂತ್ರವನ್ನು ಕರೆಯುತ್ತಾರೆ. 3000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅರ್ಧ ಭಾಗವನ್ನು ತೆರೆ ತುಂಬಿಸಿದರೂ 1500 ಉಳಿಯುತ್ತದೆ. 750ರದ್ದರಲ್ಲಿ 375. ಆಗ ಮೂಗುತಿ ಎಲ್ಲಿ ಕಾಣುತ್ತದೆ?

ಸಾಫ್ಟ್‌ವೇರ್‌ಗೆ ಬರೋಣ. ಗೂಗಲ್‌ನ ಫೋಟೋ ಸಾಫ್ಟ್‌ವೇರ್ ಪಿಕಾಸಾ ಇದ್ದಾಗ ಎಷ್ಟು ಸುಲಭ ಇತ್ತು! 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ವಿಂಡೋಸ್ ಮೂವಿ ಮೇಕರ್ 2017ರಲ್ಲಿ ಹೋಯಿತು. ಮದುವೆ ವೀಡಿಯೊ ಮಾಡುವವರು ಇಷ್ಟಪಡುತ್ತಿದ್ದ ಪ್ರೋಶೋ, ಅದರ ಕಂಪನಿ ಫೋಟೋಡೆಕ್ಸ್ 2020ರಲ್ಲಿ ಬಾಗಿಲು ಹಾಕಿತು. ಅದಕ್ಕೇ ಹೇಳುವುದು, ಆಯಾ ಸಾಫ್ಟ್‌ವೇರ್‌ನಲ್ಲೇ ತೆರೆಯುವ ಪ್ರಾಜೆಕ್ಟ್ ಫೈಲ್ ಒಂದನ್ನೇ ನಂಬಿ ಕೂರಬೇಡಿ. ಫೋಟೋಗಳನ್ನು ಮಾಮೂಲಿ ಫೋಲ್ಡರ್‌ನಲ್ಲಿ 001, 002 ಎಂದು ನಂಬರ್ ಹಾಕಿ ಬೇರೆ ಇಡಿ.

ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್ ಬರುತ್ತದೆ, ಸುಮ್ನೆ ಹತ್ತು ಫೋಟೋ ಜೋಡಿಸಲು ಅದೇ ಸಾಕು. ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿಯಲ್ಲೇ 3840×2160 ಕೊಡುತ್ತದೆ, ತುಂಬ ಶಕ್ತಿಯ ಸಾಫ್ಟ್‌ವೇರ್. ನನ್ನ 8 ಜಿಬಿ ಲ್ಯಾಪ್‌ಟಾಪ್‌ಗೆ ಅದು ಭಾರ. ಕೊನೆಗೆ ಶಾಟ್‌ಕಟ್‌ಗೆ ಬಂದೆ. ಉಚಿತ, ಜಾಹೀರಾತು ಇಲ್ಲ, ವೀಡಿಯೊ ಮೇಲೆ ಮುದ್ರೆ ಇಲ್ಲ. ಅದರಲ್ಲಿ ಸ್ಲೈಡ್‌ಶೋ ಜನರೇಟರ್ ಎಂದೇ ಒಂದು ಸೌಲಭ್ಯ ಇದೆ. ಒಂದು ಫೋಟೋದಿಂದ ಇನ್ನೊಂದಕ್ಕೆ ಕರಗಿ ಹೋಗುವ ಟ್ರಾನ್ಸಿಷನ್ ಒಂದೇ ಬಳಸಿದ್ದೇನೆ. ಪುಟ ಮಗುಚುವುದು, ಹೃದಯದ ಆಕಾರದಲ್ಲಿ ತೆರೆಯುವುದು ಯಾವುದೂ ಬೇಡ. ನೋಡುವವರ ಕಣ್ಣು ಮುಖದಿಂದ ಆಚೆ ಹೋಗುತ್ತದೆ. ಉದ್ದ ಫೋಟೋದ ಅಕ್ಕಪಕ್ಕ ಅದೇ ಫೋಟೋವನ್ನು ಮಸುಕು ಮಾಡಿ ತುಂಬುತ್ತಾರಲ್ಲ, ಅದೂ ನನಗೆ ಆಗುವುದಿಲ್ಲ. ಕಪ್ಪು ಇರಲಿ. ಹಾಂ, ಈ ಜುಹು ಬೀಚ್ ಫೋಟೋಗೆ ಮಾತ್ರ ಹಾಕಿ ನೋಡಿದೆ, ಬರೀ ಆಕಾಶ ಆದ್ದರಿಂದ ಚೆನ್ನಾಗಿ ಕಂಡಿತು. ಇಟ್ಟುಕೊಂಡೆ.

ಅಮ್ಮನ ಸೀರೆ ಅಂಚು ನೋಡಿ, ಫೋಟೋ ಸರಿಯುವಾಗ ಜರಿ ಗೆರೆಗಳು ಮಿಣಮಿಣ ಎನ್ನುತ್ತಿವೆ. ತುಂಬ ದೊಡ್ಡ ಫೋಟೋವನ್ನು ಓಡುತ್ತಲೇ ಕುಗ್ಗಿಸಿದರೆ ಸಣ್ಣ ಗೆರೆ ಹೀಗೆ ನಡುಗುತ್ತದೆ. ಇದನ್ನು ಮೊದಲೇ ಸಣ್ಣದು ಮಾಡಿ ಮತ್ತೆ ಹಾಕಿದೆ, ನಿಂತಿತು.

ಇನ್ನು ಕನ್ನಡ ಅಕ್ಷರ. ಫೋನಿನ ಒಂದು ಆ್ಯಪ್‌ನಲ್ಲಿ "ಸುವರ್ಣ" ಎಂದು ಬರೆದರೆ "ಸುವರ್‌ಣ" ಎಂದು ಬಂತು. ಅರ್ಕಾವತ್ತು ಕಿತ್ತುಹೋಗಿದೆ. ಮೊದಲ ಸ್ಲೈಡ್‌ನಲ್ಲೇ ಅದು ಕಂಡರೆ ಅಪ್ಪ ಮುಂದಿನದು ನೋಡುವುದೇ ಇಲ್ಲ, ಅವರು ಅಷ್ಟು ಅಕ್ಷರಪ್ರೀತಿಯವರು. ಶೀರ್ಷಿಕೆಗಳನ್ನೆಲ್ಲ ಲಿಬ್ರೆಆಫೀಸ್‌ನಲ್ಲಿ ಬರೆದು ಪಿಎನ್‌ಜಿ ಚಿತ್ರವಾಗಿ ಉಳಿಸಿ, ಫೋಟೋ ಸೇರಿಸಿದ ಹಾಗೆ ಸೇರಿಸಿದೆ. ಚಿತ್ರವಾದ ಮೇಲೆ ಒತ್ತಕ್ಷರ ಎಲ್ಲಿಗೂ ಓಡುವುದಿಲ್ಲ.

84 ಫೋಟೋ, ಒಂದಕ್ಕೆ 6 ಸೆಕೆಂಡ್. ಒಟ್ಟು 8 ನಿಮಿಷ 24 ಸೆಕೆಂಡ್. 8 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 8 ಮೆಗಾಬಿಟ್‌ನಂತೆ, ತೆಗೆದರೆ ಸುಮಾರು 500 ಎಂಬಿ ಫೈಲ್. ಪೆನ್‌ಡ್ರೈವ್‌ನಲ್ಲೇ ಒಯ್ಯುತ್ತೇನೆ. ಎಕ್ಸ್‌ಪೋರ್ಟ್‌ಗೆ ಹಾಕಿದೆ, ಶೇಕಡ 12...

ತಡೆಯಿರಿ, ಅಪ್ಪ ಬಂದರು. 41ನೇ ಫೋಟೋ ನಿಲ್ಲಿಸು ಎನ್ನುತ್ತಿದ್ದಾರೆ. ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯ ಗ್ರೂಪ್ ಫೋಟೋ, 1972. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆ. ಅಪ್ಪ ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳುತ್ತಿದ್ದಾರೆ. 6 ಸೆಕೆಂಡ್ ಇದಕ್ಕೆ ಸಾಲದು. ಎಕ್ಸ್‌ಪೋರ್ಟ್ ನಿಲ್ಲಿಸಿದೆ, ಗ್ರೂಪ್ ಫೋಟೋಗಳಿಗೆಲ್ಲ 12 ಸೆಕೆಂಡ್ ಮಾಡುತ್ತೇನೆ. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರ ಹೆಸರು ಅಪ್ಪನಿಗೆ ನೆನಪಾಗುತ್ತಿಲ್ಲ. ಕುಂದಾಪುರದ ಕಡೆಯವರಂತೆ, ಕೈಬರಹ ಮುತ್ತಿನ ಹಾಗಿತ್ತಂತೆ. ಮುಖವನ್ನು ದೊಡ್ಡದು ಮಾಡಿ ತೋರಿಸುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರಿಗೂ ಒಮ್ಮೆ ತೋರಿಸಿ, ಯಾರಿಗಾದರೂ ಗುರುತು ಸಿಕ್ಕಿದರೆ ನನಗೆ ತಿಳಿಸಿ.